ಮಾವನ ಗಾಡಿಯ ತಲೆದಿಂಬು

ನಮ್ಮ ಸೋದರಮಾವನ ಕಣ್ಣಿಗೆ ಬಿದ್ದ ಮೇಲೂ ಇದ್ದ ಹಾಗೇ ಉಳಿದುಕೊಂಡ ಪ್ಲಾಸ್ಟಿಕ್ ಸಾಮಾನು ರಾಯಚೂರಿನಲ್ಲಿ ಒಂದಾದರೂ ಇದ್ದರೆ ತಂದು ತೋರಿಸಿ! ಬಕೆಟ್ಟಿನ ತಳ, ಕುರ್ಚಿಯ ಕಾಲು, ಡ್ರಮ್ಮಿನ ಮುಚ್ಚಳ, ಹವಾಯಿ ಚಪ್ಪಲಿಯ ಹಿಮ್ಮಡಿ, ಯಾವುದಾದರೂ ಆದೀತು. ಮೊದಲು ಹೆಬ್ಬೆರಳಿನಿಂದ ಒತ್ತುತ್ತಾನೆ. ಆಮೇಲೆ ಸುತ್ತಮುತ್ತ ಯಾರೂ ನೋಡುತ್ತಿಲ್ಲವೆಂದು ತಿಳಿದು ಮೆಲ್ಲಗೆ ಕಚ್ಚುತ್ತಾನೆ. ಎಲ್ಲರೂ ನೋಡುತ್ತಿರುತ್ತಾರೆ. ಕಚ್ಚಿದ್ದು ಹಲ್ಲಿಗೆ ಒಗ್ಗಿತೋ, ಸಂಜೆಯೊಳಗೆ ಅದು ಅವನ ಕಾರಿನ ಪಾಲು. ಇಂಥವನೊಬ್ಬ ಮನೆಯಲ್ಲಿದ್ದರೆ ಉಳಿದವರಿಗೆ ನಾಚಿಕೆ ಅನ್ನುವುದು ಊಟ ತಿಂಡಿಯಷ್ಟೇ ರೂಢಿಯಾಗಿಬಿಡುತ್ತದೆ.

ಕಾರಿನ ಕತೆ ಸ್ವಲ್ಪ ಹೇಳಬೇಕು. ಅದು ವಯಸ್ಸಿನಲ್ಲಿ ನನಗಿಂತ ಹಿರಿದು. ಗಾಲಿಯ ಕುಲುಕಾಟ ತಡೆಯಲು ಶಾಕ್ ಅಬ್ಸಾರ್ಬರ್ ಇರುತ್ತದಲ್ಲ, ಅದರ ತಲೆ ಗಾಡಿಯ ಮೈಗೆ ಸೇರುವ ಕಡೆ ಕಬ್ಬಿಣಕ್ಕೆ ಕಬ್ಬಿಣ ಬಡಿಯಬಾರದೆಂದು ನಡುವೆ ದಪ್ಪನೆಯ ಮೆತ್ತನೆಯ ಬಿಲ್ಲೆ ಕೂರಿಸಿರುತ್ತಾರೆ. ಪೇಟೆಯಲ್ಲಿ ಅದಕ್ಕೆ ಬುಷ್ ಅನ್ನುತ್ತಾರೆ. ಮಾವನ ಬಾಯಲ್ಲಿ ಅದು ದಿಂಬು. "ಗಾಡಿ ತೆಲಿ ಇಟ್ಟು ಮಲಗೂದು ಇದರ ಮ್ಯಾಲವ್ವಾ" ಅನ್ನುತ್ತಾನೆ. ಆ ಕಾರಿಗೆ ಸರಿಹೊಂದುವ ದಿಂಬು ತಯಾರಾಗುವುದು ನಿಂತು ಯಾವ ಕಾಲವಾಯಿತೋ. ಬೇರೆ ಗಾಡಿಯದನ್ನು ತಂದು ಹಾಕಬಹುದು, ಆದರೆ ಮಾವ ಒಪ್ಪಬೇಕಲ್ಲ? "ಮಂದಿ ದಿಂಬಿನ ಮ್ಯಾಲ ನಿನಗ ನಿದ್ದಿ ಹತ್ತತದೇನು?" ಎಂದು ಕೇಳುತ್ತಾನೆ. ಹೀಗಾಗಿ ಎಲ್ಲ ದಿಂಬುಗಳನ್ನೂ ತಾನೇ ಪ್ಲಾಸ್ಟಿಕ್ ಕತ್ತರಿಸಿ ಮಾಡುತ್ತಾನೆ. ಅದಕ್ಕೆ ಸರಿಯಾಗಿ ದೇವರು ಅವನಿಗೆ ಕೊಟ್ಟ ವ್ಯಾಪಾರವೂ ಬಜಾರಿನಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಬಕೆಟ್ ಕೊಳ್ಳಲು ಬಂದವರ ಕೈಯಿಂದ ಬಕೆಟ್ ಕಸಿದುಕೊಂಡು, "ಇದು ಭಾಳ ಚಲೋ ಮಾಲದರಿ, ನೀರು ತುಂಬಿ ಹಾಳು ಮಾಡಬ್ಯಾಡ್ರಿ" ಎಂದು ಒಳಗಿಟ್ಟುಕೊಂಡದ್ದನ್ನು ನಾನೇ ಕಂಡಿದ್ದೇನೆ.

ಸವೆದ ದಿಂಬನ್ನು ಎಸೆಯುವುದುಂಟೆ? ಮೊದಲು ದೋಸೆ ಮಗುಚಿದಂತೆ ಮಗುಚಿ ಹಾಕುತ್ತಾನೆ. ಆ ಮಗ್ಗಲೂ ಸವೆದರೆ ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ. ಅದೂ ಮುಗಿದರೆ ನಿವೃತ್ತಿ ಪಡೆದು ಮನೆಯೊಳಗೆ ಬರುತ್ತದೆ. ನಮ್ಮ ಫ್ರಿಜ್ಜು, ಹೊಲಿಗೆ ಯಂತ್ರ, ಮಂಚ, ರುಬ್ಬುವ ಯಂತ್ರ ಎಲ್ಲವೂ ಮಾವನ ಹಳೆಯ ದಿಂಬುಗಳ ಮೇಲೆ ನಿಂತಿವೆ. ಮಿಕ್ಸರ್ ತಿರುಗಿಸಿದರೆ ಪಕ್ಕದ ಕೋಣೆಗೆ ಕೇಳಿಸುವುದಿಲ್ಲ. ಮಾವನ ಕಾರು ಓಣಿಯ ತುದಿಗೆ ಬಂದರೆ ಮಾತ್ರ ಅಡುಗೆಮನೆಯ ತಟ್ಟೆಗಳು ನಡುಗುತ್ತವೆ.

ಮನೆಯಲ್ಲಿ ಏನೇ ಕಾಣೆಯಾಗಲಿ, ಅವ್ವ ಹುಡುಕಲು ಹೋಗುವುದಿಲ್ಲ. ಒಮ್ಮೆ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಹಲಗೆ ಕಾಣಲಿಲ್ಲ.

"ತಮ್ಮಾ, ನನ್ನ ಹಲಗಿ ಎಲ್ಲಿ ಅದ?"

"ಹಿಂದಿನ ಗಾಲಿ ಮ್ಯಾಲ ಅದ."

"ಬದ್ನಿಕಾಯಿ ಎಲ್ಲಿ ಹೆಚ್ಚಲಿ?"

"ಕೈಯಾಗ ಹಿಡ್ಕೊಂಡು ಹೆಚ್ಚು. ನಮ್ಮವ್ವ ಹಲಗಿ ಮ್ಯಾಲ ಹೆಚ್ಚತಿದ್ದಳೇನು?"

ಗ್ಯಾರೇಜಿನ ಚಾಚಾ ಒಬ್ಬರೇ ಅವನಿಗೆ ಎದುರಾಡುವವರು. ಕಾರಿನ ಅಡಿಯಿಂದ ತಲೆ ಹೊರಹಾಕಿ, "ನಕ್ಕೋ ಮಾಮಾ, ಬೇಚ್ ಡಾಲೋ. ಈ ಗಾಡಿ ಮಾರಿಬಿಡ್ರಿ. ದಿಂಬು ಬಿಚ್ಚಿ ಹಾಕಿ ನನ್ನ ಕೈಯಾಗಿನ ಎಲುಬು ಸವದಾವ" ಎಂದರೆ, ಮಾವ ಅವರ ಮಣಿಕಟ್ಟು ಹಿಡಿದು ಗಂಭೀರವಾಗಿ ಒತ್ತಿ ನೋಡಿ, "ಇಲ್ಲಿಗೂ ಒಂದು ಸಣ್ಣ ದಿಂಬು ಕೂಡ್ತದ" ಅನ್ನುತ್ತಾನೆ.

ಇಡೀ ಮನೆಯಲ್ಲಿ ಅವನ ಚೂರಿಯಿಂದ ಬಚಾವಾಗಿದ್ದ ವಸ್ತು ಒಂದೇ, ಅವನ ಎಡಗಾಲಿನ ಬೂಟು. ಮಾವನ ಎಡಗಾಲು ಹುಟ್ಟಿನಿಂದಲೇ ಗಿಡ್ಡ. ಬೂಟಿಗೆ ದಪ್ಪನೆಯ ತಳ ಕಟ್ಟಿಸಿಕೊಂಡು ಪೊಲೀಸನ ಹಾಗೆ ನೆಟ್ಟಗೆ ನಡೆಯುತ್ತಾನೆ. ದೂರದ ಊರಿನಿಂದ ಅಳತೆ ಕೊಟ್ಟು ತರಿಸಿದ ಬೂಟು ಅದು. ಒಮ್ಮೆ ಹೇಳಿದರೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. "ಈ ತಳದಂಥ ಮಾಲು ಬಜಾರ್‌ನಾಗ ಇಲ್ಲ. ಒತ್ತಿದ್ರ ಇಳೀತದ, ಬಿಟ್ರ ಏಳ್ತದ" ಎಂದು ಬಂದವರಿಗೆಲ್ಲ ಹೇಳುತ್ತಾನೆ, ಮುಟ್ಟಲು ಮಾತ್ರ ಕೊಡುವುದಿಲ್ಲ. ಮಲಗುವಾಗ ಅದನ್ನು ದೇವರ ಗೂಡಿನ ಪಕ್ಕದ ಗೂಡಿನಲ್ಲಿಡುತ್ತಾನೆ. ಅವನು ಕುಂಟುವುದನ್ನು ಓಣಿಯಲ್ಲಿ ಯಾರೂ ಕಂಡಿಲ್ಲ.

ಈಗ ನನ್ನ ಮಾನ ಹರಾಜಾದ ಕತೆಗೆ ಬರೋಣ. ಮಾನ್ವಿಯಲ್ಲಿ ನನ್ನ ಮದುವೆಯ ಮಾತುಕತೆ. ಅಪ್ಪ ಇಲ್ಲದ ಮನೆ ನಮ್ಮದು, ಹಿರಿಯನೆಂದರೆ ಮಾವನೇ. ಗಂಡಿನ ತಾಯಿ ಒಳಗೆ ಚಹಾ ತರಲು ಎದ್ದರು. ಬಂದು ಕೂತರೆ ಅವರ ಕುರ್ಚಿ ಒಂದು ಕಡೆಗೆ ವಾಲಿತು. ಸರಿಮಾಡಿಕೊಂಡರು, ಇನ್ನೊಂದು ಕಡೆಗೆ ವಾಲಿತು. ಒಡವೆ, ಸೀರೆ, ಮುಹೂರ್ತ ಎಲ್ಲ ಮಾತನ್ನೂ ಅವರು ಗೋಡೆಯ ಕಡೆ ಬಾಗಿಕೊಂಡೇ ಮುಗಿಸಿದರು. ನಾವು ಹೊರಡುವಾಗ ಮಾವ ಕೈಮುಗಿದು ನಮಸ್ಕರಿಸಿದ. ಮುಗಿದ ಕೈಯೊಳಗಿಂದ ಕುರ್ಚಿಯ ಕಾಲಿನ ಪ್ಲಾಸ್ಟಿಕ್ ಟೊಪ್ಪಿಗೆಯೊಂದು ಜಾರಿ ಅವರ ಪಾದದ ಹತ್ತಿರ ಉರುಳಿ ನಿಂತಿತು. ಭೂಮಿ ಬಾಯ್ಬಿಡಬಾರದೇ ಎಂದುಕೊಂಡೆ. ಅದು ಬಿಡಲಿಲ್ಲ. ಮದುವೆಯೇನೋ ಆಯಿತು, ಆದರೆ ಮಾವ ಹೋದಾಗಲೆಲ್ಲ ನಮ್ಮತ್ತೆ ಅವನಿಗೆ ಕಬ್ಬಿಣದ ಕುರ್ಚಿಯನ್ನೇ ಹಾಕಿಸುತ್ತಿದ್ದರು.

ಆಮೇಲೆ ನಾನು ಬಸುರಿಯಾದೆ. ಹಿಂದೊಮ್ಮೆ ಬಸಿರು ನಿಲ್ಲದೆ ಹೋಗಿತ್ತು. ಆದ್ದರಿಂದ ಈ ಸಲ ಡಾಕ್ಟರು ಕುಲುಕಾಟ ಆಗಬಾರದು ಎಂದು ಕಟ್ಟಪ್ಪಣೆ ಮಾಡಿದ್ದರು, ಅತ್ತೆ ನನ್ನನ್ನು ಕಟ್ಟೆ ಇಳಿಯಲು ಬಿಡುತ್ತಿರಲಿಲ್ಲ. ನನಗೋ ಅವ್ವನ ಗಡಿಗೆ ಮೊಸರಿನ ಬಯಕೆ. ಬಯಕೆ ಅಂದರೆ ತವರಿನವರು ತಂದು ತಿನ್ನಿಸಬೇಕಲ್ಲ, ಮಾವ ಗಡಿಗೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದ. ಅತ್ತೆ ಓಣಿಯ ಹೆಂಗಸರ ಮುಂದೆ ಮುಚ್ಚಳ ತೆಗೆದರು. ಒಳಗೆ ಮೊಸರಿರಲಿಲ್ಲ. ರಸ್ತೆಯೇ ಕಡೆಗೋಲಾಗಿ ಕಡೆದು, ಮೇಲೆ ಬೆಣ್ಣೆ ತೇಲುತ್ತಿತ್ತು.

"ಬೆಣ್ಣಿನೂ ತಗದಾರಲ್ರೀ, ನಮಗ ಕೆಲಸ ಉಳೀತು" ಎಂದು ಒಬ್ಬಳು ನಕ್ಕಳು. ಅತ್ತೆ ನಗಲಿಲ್ಲ.

"ಅಣ್ಣಾರ, ಕುಬಸ ಮಾಡಿ ಇದೇ ಗಾಡ್ಯಾಗ ಇಕಿನ್ನ ತವರಿಗೆ ಕರಕೊಂಡು ಹೋಗ್ತೀರೇನು? ಮೊಸರಿಗೇ ಈ ಗತಿ ಆದ್ರ ಹೊಟ್ಟ್ಯಾಗಿನ ಕೂಸಿನ ಗತಿ ಏನ್ರಿ? ನಾ ಕಳಸಂಗಿಲ್ಲ."

ಕುಬಸವೆಂದರೆ ತವರಿನವರು ಹಸಿರು ಸೀರೆ, ಬುತ್ತಿ ತಂದು, ಬಸುರಿ ಮಗಳಿಗೆ ಉಡಿ ತುಂಬಿಸಿ ಮನೆಗೆ ಕರೆದೊಯ್ಯುವ ಶಾಸ್ತ್ರ. ಮಗಳನ್ನು ಕಳಿಸದಿದ್ದರೆ ತವರಿನ ಮಾನವೆಲ್ಲಿ ಉಳಿಯಿತು? ನನಗೆ ಅವ್ವನ ಹತ್ತಿರ ಹೋಗದಿದ್ದರೆ ಜೀವ ನಿಲ್ಲದಂತಾಗಿತ್ತು. ನನ್ನ ಗಂಡ, ಬಾಡಿಗೆ ಕಾರು ಮಾಡೋಣ ಎಂದರು. ಮಾವನ ಮುಖ ಕೆಂಪಾಯಿತು. "ಬಸುರಿ ಮಗಳ್ನ ಬಾಡಿಗಿ ಗಾಡ್ಯಾಗ ಒಯ್ಯೂದೇನ್ರಿ? ಹೆಪ್ಪು ಹಾಕಿದ ಹಾಲು ಗಾಡ್ಯಾಗ ಇಡ್ತೀನಿ. ರಸ್ತಾದಾಗ ಮೊಸರಾಗಬೇಕು, ಗಟ್ಟಿ ಮೊಸರಾಗೇ ನಿಮ್ಮ ಮನ್ಯಾಗ ಇಳೀಬೇಕು. ಹಂಗಾದ್ರ ಕಳಸ್ತೀರೇನು?"

ಹೆಪ್ಪು ಹಾಕಿದ ಹಾಲನ್ನು ಅಡುಗೆಮನೆಯಲ್ಲೇ ಯಾರೂ ಅಲುಗಾಡಿಸುವುದಿಲ್ಲ. ಇವನು ಅದನ್ನು ನಮ್ಮ ಜಿಲ್ಲೆಯ ರಸ್ತೆಯ ಮೇಲೆ ತರುತ್ತಾನಂತೆ! ಅತ್ತೆ ಸೆರಗು ಸರಿಮಾಡಿಕೊಂಡು, "ಆಗ್ಲಿ, ಕಳಸ್ತೀನಿ" ಎಂದರು. ಅವರಿಗೇನು, ಸೋಲುವ ಭಯವಿರಲಿಲ್ಲ.

ಅಂದಿನಿಂದ ಶುರುವಾಯಿತು ನೋಡಿ. ಹೊಸ ದಿಂಬು ಕತ್ತರಿಸಿದಾಗಲೆಲ್ಲ ಮಾವ ಗಡಿಗೆಯ ಸಮೇತ ಮಾನ್ವಿಗೆ ಹಾಜರು. ಡ್ರಮ್ಮಿನ ಪ್ಲಾಸ್ಟಿಕ್ಕಿನ ದಿಂಬಿಗೆ ಹಾಲು ಹಾಲಾಗಿಯೇ ಬಂತು. ಚಪ್ಪಲಿಯದಕ್ಕೆ ಒಡೆದು ನೀರಾಗಿ ಬಂತು. ಮಕ್ಕಳು ಆಡುವ ಚಾಪೆಯದಕ್ಕೆ ಗಡಿಗೆಯೇ ಮಗುಚಿ ಸೀಟು ಕುಡಿದುಬಿಟ್ಟಿತು. ಆ ಬೇಸಿಗೆಯಲ್ಲಿ ಕಾರಿನ ಬಾಗಿಲು ತೆರೆದರೆ ಓಣಿಯ ಬೆಕ್ಕುಗಳು ಎದುರುಗೊಳ್ಳಲು ಬರುತ್ತಿದ್ದವು. ಓಣಿಯವರು ಅವನಿಗೆ ಮಜ್ಜಿಗೆ ಮಾವ ಎಂದು ಹೆಸರಿಟ್ಟರು. ಕಾರಿನ ಸದ್ದು ಕೇಳಿದರೆ ಹೆಂಗಸರು ಲೋಟ ಹಿಡಿದು ಬರುವುದು, ನಾನು ಒಳಕೋಣೆಗೆ ಓಡುವುದು. ಓಡಬಾರದೆಂದು ಅತ್ತೆ ಗದರುವುದು ಬೇರೆ. ಫೋನಿನಲ್ಲಿ ಅವ್ವನ ಮುಂದೆ ನಾನು ಕಣ್ಣೀರು ಹಾಕಿದೆ, "ಬರಬ್ಯಾಡ ಅಂತ ಹೇಳಬೇ ಅವಗ, ನನ್ನ ಮಾರಿ ಎತ್ತಂಗಿಲ್ಲದಂಗ ಮಾಡ್ಯಾನ."

ಕುಬಸದ ದಿನ ಬಂತು. ಮಾವ ಕೋಳಿ ಕೂಗುವ ಹೊತ್ತಿಗೆ ಹಾಲಿಗೆ ಹೆಪ್ಪು ಹಾಕಿಸಿ, ಅವ್ವನನ್ನು ಗಡಿಗೆಯ ಪಕ್ಕದಲ್ಲಿ ಕೂರಿಸಿಕೊಂಡು ಹೊರಟಿದ್ದ. ಮೊಸರಾಗಲು ಹೊತ್ತು ಬೇಕಲ್ಲ, ಅದಕ್ಕೆ ನೇರ ದಾರಿ ಬಿಟ್ಟು ಮಸರಕಲ್ ಮೇಲೆ ದೇವದುರ್ಗ ಮುಟ್ಟಿ, ಮಲ್ಲಟದ ಕಡೆ ಇಳಿದು, ಇದ್ದ ತಗ್ಗು ದಿಣ್ಣೆಗಳನ್ನೆಲ್ಲ ಮಾತಾಡಿಸಿಕೊಂಡು ಮಧ್ಯಾಹ್ನಕ್ಕೆ ಮಾನ್ವಿಗೆ ಬಂದ. ಅವ್ವ ಗಡಿಗೆ ಹಿಡಿದು ಒಳಬಂದಳು. ಅವಳ ಮುಖದಲ್ಲಿ ಬಣ್ಣವಿರಲಿಲ್ಲ. ಹೆಂಗಸರ ಕೈಯಲ್ಲಿ ಲೋಟಗಳು ತಯಾರಿದ್ದವು.

ಅತ್ತೆ ಮುಚ್ಚಳ ತೆಗೆದರು. ಕೆನೆ ಬಿರುಕು ಬಿಟ್ಟಿರಲಿಲ್ಲ. ಗಡಿಗೆ ಓರೆ ಮಾಡಿದರು, ಮೊಸರು ಕದಲಲಿಲ್ಲ. ಸೌಟು ಹಾಕಿ ತೆಗೆದು ನನ್ನ ಅಂಗೈಯಲ್ಲಿಟ್ಟರೆ ಅದು ಇಟ್ಟಲ್ಲೇ ಕೂತಿತು. ಅತ್ತೆ ಬಹಳ ಹೊತ್ತು ಅದನ್ನೇ ನೋಡಿ, "ಹೋಗಿ ಬಾ ಯವ್ವಾ" ಎಂದರು. ನನಗೆ ಅಳುವೇ ಬಂತು.

ಆದರೆ ಗೆದ್ದ ಮನುಷ್ಯ ಎಲ್ಲಿ? ಕಾರಿನಲ್ಲೇ ಕೂತಿದ್ದ. ಸೋದರಮಾವ ಒಳಬಂದು ಹಸಿರು ಸೀರೆಯನ್ನು ತನ್ನ ಕೈಯಾರೆ ಕೊಡಬೇಕು, ಇವನು ಕಿಟಕಿಯಿಂದ ಅವ್ವನ ಕೈಗೆ ಕೊಟ್ಟು ಕಳಿಸಿದ. ಊಟಕ್ಕೆ ಎಬ್ಬಿಸಲು ಹೋದ ನನ್ನ ಗಂಡ ಒಬ್ಬರೇ ವಾಪಸು ಬಂದರು. "ಬೀಗರು ಗೆದ್ದಾರಲ್ಲ, ಇನ್ನ ನೆಲದ ಮ್ಯಾಲ ಕಾಲಿಡಂಗಿಲ್ಲ" ಎಂದು ಹೆಂಗಸರು ಪಿಸುಗುಟ್ಟಿದರು. ಅತ್ತೆ ಕಬ್ಬಿಣದ್ದು ಬಿಟ್ಟು ಒಳ್ಳೆಯ ಪ್ಲಾಸ್ಟಿಕ್ ಕುರ್ಚಿಯನ್ನೇ ಹಾಕಿಸಿದ್ದರು. ಅದು ಖಾಲಿಯಾಗಿಯೇ ಉಳಿಯಿತು. ನನಗೆ ತಡೆಯಲಾಗಲಿಲ್ಲ. ಹೊರಗೆ ಹೋಗಿ ಕಿಟಕಿಗೆ ಬಾಗಿ, "ಮಾವ, ಇವತ್ತರ ನನ್ನ ಮರ್ಯಾದಿ ಉಳಸು" ಎಂದೆ.

ಅವನು ನನ್ನ ಮುಖ ನೋಡಲಿಲ್ಲ. "ದಿಂಬು ಈಗರ ಹದಕ್ಕ ಕುಂತಾವ ತಂಗಿ. ನಾ ಇಳದು ಹತ್ತಿದ್ರ ಕೆಡ್ತಾವ" ಎಂದ. ಇಂಥವನ ಹತ್ತಿರ ಏನು ಮಾತಾಡುವುದು?

ರಾಯಚೂರಿನ ದಾರಿಯುದ್ದಕ್ಕೂ ನಾನು ಮುನಿಸಿಕೊಂಡು ಕೂತೆ. ಮಾವ ಸೀಟಿನ ಅಂಚಿಗೆ ಜಾರಿ, ಸ್ಟೇರಿಂಗಿಗೆ ಎದೆ ಹಚ್ಚಿ ಓಡಿಸುತ್ತಿದ್ದ. ಇದೊಂದು ಹೊಸ ಹುಚ್ಚು ಎಂದುಕೊಂಡೆ. ಎಷ್ಟು ಹೊತ್ತಿಗೆ ನಿದ್ದೆ ಹತ್ತಿತೋ ತಿಳಿಯದು. ತಗ್ಗು ಬಂದದ್ದು, ದಿಣ್ಣೆ ಏರಿದ್ದು ಒಂದೂ ಗೊತ್ತಾಗಲಿಲ್ಲ. ಎಚ್ಚರಾದಾಗ ಕಾರು ನಮ್ಮ ಮನೆಯ ಮುಂದೆ ನಿಂತಿತ್ತು. ಬಸುರಿ ಬಂದಳೆಂದು ಓಣಿಯೆಲ್ಲ ಬಾಗಿಲಲ್ಲಿ ನಿಂತಿತ್ತು.

"ನೀವು ಒಳಗ ನಡೀರಿ" ಎಂದ ಮಾವ. ಅವ್ವ ಹೋಗಲಿಲ್ಲ, ಅವನ ಕಡೆಯ ಬಾಗಿಲು ತೆರೆದು ನಿಂತಳು. ಬೇರೆ ದಾರಿಯಿಲ್ಲದೆ ಇಳಿದ. ಇಳಿದವನು ಎಡಕ್ಕೆ ವಾಲಿ ಬಾಗಿಲು ಹಿಡಿದುಕೊಂಡ. ಒಂದು ಹೆಜ್ಜೆ ಇಟ್ಟ, ಮೈಯೆಲ್ಲ ಜೋಲಿ ಹೊಡೆಯಿತು.

ಅವ್ವ ಅವನ ಕಾಲು ನೋಡಿದಳು. "ತಮ್ಮಾ, ಬೂಟಿನ ತಳ ಎಲ್ಲಿ ಅದ?"

"ಹಿಂದಿನ ಗಾಲಿ ಮ್ಯಾಲ ಅದ."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ಆ ಖಾಲಿ ಕುರ್ಚಿ ನೆನಪಾಯಿತು, ಕಿಟಕಿಗೆ ಬಾಗಿ ನಾನು ಆಡಿದ ಮಾತೂ ನೆನಪಾಯಿತು. ಇಷ್ಟು ವರ್ಷ ಅವನಿಗಾಗಿ ಪಟ್ಟ ನಾಚಿಕೆಯೆಲ್ಲ ತಿರುಗಿ ನನ್ನ ಮೇಲೇ ಬಂದು ಬಿತ್ತು.

"ಮೊದ್ಲ ಯಾಕ ಹೇಳಲಿಲ್ಲ ಮಾವ?"

"ಹೇಳಿದ್ರ ನೀ ಗಾಡಿ ಹತ್ತತಿದ್ದೇನು? ನಂದೇನು ಬಿಡು, ನಾ ಹುಟ್ಟಿದಾಗಿಂದ ಕುಲುಕಾಡಕೊಂತನ ಬಂದೀನಿ. ಅದಕ್ಕ್ಯಾಕ ಈಗ್ಲೇ?" ಎಂದು ನನ್ನ ಹೊಟ್ಟೆಯ ಕಡೆ ನೋಡಿದ.

ಅವನ ಕೈ ತೆಗೆದು ನನ್ನ ಹೆಗಲ ಮೇಲೆ ಇಟ್ಟುಕೊಂಡೆ. ಬೇಡವೆಂದು ಜಗ್ಗಿದ, ನಾನು ಬಿಡಲಿಲ್ಲ. ತುಂಬಿದ ಬಸುರಿ ನಾನು, ಕುಂಟುವ ಮಾವ, ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು ಓಣಿಯವರೆಲ್ಲರ ಕಣ್ಣ ಮುಂದೆ ಬಾಗಿಲ ಕಡೆ ಹೊರಟೆವು. ತನ್ನ ಭಾರ ನನ್ನ ಮೇಲೆ ಬೀಳಬಾರದೆಂದು ಹೆಜ್ಜೆಹೆಜ್ಜೆಗೂ ಮೈಯನ್ನು ತಾನೇ ಎತ್ತಿ ಹಿಡಿಯುತ್ತಿದ್ದ.

"ಮೆಲ್ಲಕ ನಡಿಯವ್ವಾ" ಎಂದ, "ಕುಲುಕಬ್ಯಾಡ."