ಒಳಗಿನ ಕಂಪ್ಯೂಟರಿನ ಪ್ರೊಬೇಷನ್

ನರಗುಂದದ ನೆರೆ ಪರಿಹಾರ ಗಣಕ ಶಾಖೆಯಲ್ಲಿ ಎರಡು ಕಂಪ್ಯೂಟರುಗಳಿದ್ದವು. ಎರಡನೆಯದು ಮೊದಲನೆಯದರ ಒಳಗಿತ್ತು. ಸರಕಾರ ಎರಡು ಮಂಜೂರು ಮಾಡಿ ಒಂದನ್ನೇ ಕಳಿಸಿದ್ದರಿಂದ, ತಂತ್ರಜ್ಞ ಇಲಿಯಾಸ ಅದರೊಳಗೇ ವರ್ಚುವಲ್ ಮಶೀನ್ ಎಂಬ ಇನ್ನೊಂದನ್ನು ಕಟ್ಟಿ ದಾಖಲೆ ಸರಿಪಡಿಸಿದ್ದ. 2009ರ ನೆರೆಯಲ್ಲಿ ಮನೆ ಕಳೆದುಕೊಂಡವರ ಯಾದಿ ಈ ಒಳಗಿನದರಲ್ಲಿತ್ತು. ಶನಿವಾರ ಜಿಲ್ಲೆಯ ಕಂಪ್ಯೂಟರ್ ತಾನೇ ಅದನ್ನು ಓದಿಕೊಳ್ಳತಕ್ಕದ್ದು; ಅದು ಓದಿದ ಹೆಸರಿಗಷ್ಟೇ ಹೊಸ ಮನೆ.

ಹೊಳೆದಂಡೆಯ ಹಳ್ಳಿಯ ಶರೀಫಾಬಿಯ ಮನೆ ಮಲಪ್ರಭೆಯ ಪಾಲಾಗಿತ್ತು. ಎರಡು ತಿಂಗಳಿಂದ ಅವಳು ಶಾಲೆಯ ಜಗಲಿಯ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಯಾದಿಯಲ್ಲಿ ಅವಳದು ಹದಿನೇಳನೆಯ ಹೆಸರು. ಟಪಾಲು ಗುಮಾಸ್ತನಾದ ನಾನೇ ಬರೆದದ್ದು.

ನೆಟ್‌ವರ್ಕ್ ಜೋಡಿಸುವ ದಿನ ಇಲಿಯಾಸ ಅಧಿಕಾರಿ ಗುರುಸಂಗಪ್ಪನವರಿಗೆ ವಿವರಿಸಿದ.

“ಮೂರು ನಮೂನಿ ಅದಾವ್ರಿ ಸಾಹೇಬ್ರ. ಬ್ರಿಜ್ ಇಟ್ರ ಒಳಗಿಂದಕ್ಕ ಸ್ವಂತ ನಂಬರ್ ಸಿಗತೈತಿ, ಜಿಲ್ಲಾದ ಜೋಡಿ ನೇರ ಮಾತಾಡತೈತಿ. ನ್ಯಾಟ್ ಇಟ್ರ ಹೊರಗಿಂದರ ಹೆಸರ್ಲೆ ಹೋಗತೈತಿ, ಆದ್ರ ಹೊರಗಿನವ್ರು ತಾವಾಗಿ ಒಳಗ ಬರಾಕ ಆಗೂದಿಲ್ಲ. ಹೋಸ್ಟ್-ಓನ್ಲಿ ಇಟ್ರ ಇವೆರಡರ ನಡುವ ಅಷ್ಟ ಮಾತು. ನಮಗ ಬ್ರಿಜ್ ಬೇಕ್ರಿ.”

ಗುರುಸಂಗಪ್ಪನವರು ಮೂವತ್ತು ವರ್ಷದ ಸೇವೆಯಲ್ಲಿ ಮೇಲಧಿಕಾರಿಯ ಮುಖಾಂತರವಲ್ಲದೆ ಒಂದು ದಿನದ ರಜೆಯನ್ನೂ ಕೇಳಿದವರಲ್ಲ.

“ಕೈಕೆಳಗಿಂದು ನನ್ನ ದಾಟಿ ಜಿಲ್ಲಾಕ್ಕ ಮಾತಾಡೂದಾ? ಅದರ ಸರ್ವಿಸ್ ಎಷ್ಟಾತು?”

“ಎಂಟು ದಿನಾ ಆತ್ರಿ.”

“ನನ್ನ ಹೆಸರ್ಲೆ ಹೋಗಿ ಏನರ ಅಂದ್ರ ಸಸ್ಪೆಂಡ್ ಆಗಾಂವ ಯಾರು? ಮೂರನೇದ್ದ ಇಡು.”

“ಹಂಗಿಟ್ರ ಯಾದಿ ಯಾರಿಗೂ ಕಾಣಂಗಿಲ್ರಿ.”

“ಶಿಸ್ತು ಕಾಣತೈತಿ.”

ಅಂದೇ ಆದೇಶ ಹೊರಟಿತು: “ಒಳಗಿನ ಕಂಪ್ಯೂಟರಿನ ಪ್ರೊಬೇಷನ್ ಅವಧಿ ಎರಡು ವರ್ಷ. ಅಲ್ಲಿಯವರೆಗೆ ಸದರಿ ಯಂತ್ರವು ಪರರೊಡನೆ ಮಾತಾಡತಕ್ಕದ್ದಲ್ಲ.”

ಶನಿವಾರ ಜಿಲ್ಲೆಯ ಕಂಪ್ಯೂಟರ್ ಯಾದಿಗಾಗಿ ಹುಡುಕಿ, ಸಿಗದೆ, ನಮ್ಮ ಭಾಗದಲ್ಲಿ ಯಾರ ಮನೆಯೂ ಬಿದ್ದಿಲ್ಲವೆಂದು ವರದಿ ಮಾಡಿತು. ಇಂಥ ನೆರೆಯಲ್ಲೂ ಒಂದು ಗೋಡೆಯೂ ಬೀಳದಂತೆ ನೋಡಿಕೊಂಡದ್ದಕ್ಕೆ ಶಾಖೆಗೆ ಪ್ರಶಂಸಾಪತ್ರ ಬಂತು. ಪದ್ಧತಿ ಕಲಿಯಲು ರೋಣದವರೂ ಗಜೇಂದ್ರಗಡದವರೂ ಬಂದು, ಚಹಾ ಕುಡಿದು, ಬರೆದುಕೊಂಡು ಹೋದರು. ನನಗೆ ಮೈಯೆಲ್ಲ ಉರಿಯಿತು. ಆ ಉರಿಯನ್ನು ಯಾರ ಮುಖಾಂತರ ಕಳಿಸಬೇಕೆಂದು ತಿಳಿಯದೆ ಪ್ರಶಂಸಾಪತ್ರಕ್ಕೆ ಚೌಕಟ್ಟು ಹಾಕಿಸಿದೆ.

ಮರುವಾರ ಶರೀಫಾಬಿಗೆ ನೋಟೀಸು ಹೋಯಿತು: ಬೀಳದ ಮನೆಯಿದ್ದೂ ಶಾಲೆಯ ಜಗಲಿಯಲ್ಲಿ ವಾಸಿಸುವುದು ಅಕ್ರಮ, ಕೂಡಲೇ ಸ್ವಂತ ಮನೆಗೆ ತೆರಳತಕ್ಕದ್ದು. ಅವಳು ಓದಿಸಿಕೊಂಡು, “ಮನಿ ಐತಿ ಅಂತ ಸರಕಾರನ ಹೇಳಿದಮ್ಯಾಲೆ ಇರಬೇಕ್ರಿ” ಎಂದು ಪಾತ್ರೆ ಹೊತ್ತು ಹೊರಟಳು.

ತೆರಳಿದ್ದಾಳೆಂದು ಖಾತ್ರಿ ಮಾಡಿಕೊಳ್ಳಲು ನನ್ನನ್ನೇ ಕಳಿಸಿದರು. ಹೊಳೆದಂಡೆಯ ಕೆಸರಿನ ಮೇಲೆ, ಮನೆಯಿದ್ದ ಜಾಗದ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟು ನಡುವೆ ಕುಳಿತಿದ್ದಳು.

“ಬರ್ರಿ, ಒಳಗ ಬರ್ರಿ” ಎಂದಳು.

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.