ಹೆಂಡತಿಯ ಮೂಗಬಟ್ಟಿಗೆ ನಾಲ್ಕು ಪರೀಕ್ಷೆ

ಮನುಷ್ಯರ ಗುಣ ಅಳೆಯಲು ಬಾರದವರು ಕಲ್ಲಿನ ಗುಣ ಅಳೆಯಲು ಕೂತಾಗೆಲ್ಲ ಇಂಥವು ಆಗುತ್ತಲೇ ಇರುತ್ತವೆ. ನಾನೂ ಆ ಪೈಕಿಯವನೇ.

ಮಗಳಿಗೆ ಔರಾದದ ಒಂದು ಸಂಬಂಧ ಬಂತು. ಹುಡುಗ, ಹುಡುಗಿ ಇಬ್ಬರೂ ಒಪ್ಪಿದ್ದರು. ಹುಡುಗನ ಸೋದರತ್ತೆ ಮಾತ್ರ, "ವರದಕ್ಷಿಣಿ ಕೇಳೋದು ಪಾಪ ಅದರಿ. ಹುಡುಗಗ ಒಂದು ವಜ್ರದ ಉಂಗುರ ಸಾಕು. ಖೋಟಾ ಇದ್ದರ ಮಾತು ಅಲ್ಲಿಗೇ ಮುಗೀತು" ಅಂದರು. ಅನ್ನುವಾಗ ತಮ್ಮ ಬೆರಳಿನ ವಜ್ರದುಂಗುರವನ್ನು ಎರಡು ಸಲ ತಿರುಗಿಸಿದರು.

ನಮ್ಮಲ್ಲಿ ಇದ್ದದ್ದು ನನ್ನ ಹೆಂಡತಿಯ ಮೂಗಬಟ್ಟಿನ ಒಂದೇ ವಜ್ರದ ಹರಳು. ಅವಳ ತಾಯಿ ಕೊಟ್ಟದ್ದು. ಅದನ್ನೇ ಬಿಡಿಸಿ ಉಂಗುರ ಮಾಡಿಸುವುದೆಂದಾಯಿತು.

೧. ತೂಕ

ಹರಳು ಬಿಡಿಸಿದವನು ಭಾತಂಬ್ರಾದ ನಮ್ಮ ಹಳೇ ಪತ್ತಾರ. ಅವನ ತಕ್ಕಡಿಯಲ್ಲಿ ಇನ್ನೂ ಗುಲಗಂಜಿಯ ಬೀಜವೇ ತೂಕದ ಕಲ್ಲು. ಒಂದು ದಪ್ಪ ಬೀಜ ಇಟ್ಟ. ಹರಳಿನ ತಟ್ಟೆ ಮೇಲೆದ್ದಿತು.

"ಗುಂಜಿಗೆ ಕಡಿಮಿ ಅದ. ಮಾರಾಕ ತಂದೀರೋ, ಬೀಗರಿಗೆ ತೋರ್ಸಾಕೋ?"

"ಬೀಗರಿಗಪ್ಪಾ."

ಅವನು ದಪ್ಪ ಬೀಜ ತೆಗೆದಿಟ್ಟ. ಡಬ್ಬಿ ಹುಡುಕಿ ಒಂದು ಬಡಕಲು ಬೀಜ ಹಾಕಿದ. ಹರಳಿನ ತಟ್ಟೆ ಕೆಳಗೆ ಬಂತು.

"ಈಗ ನೋಡ್ರಿ, ಕಲ್ಲು ಬೆಳೀತು."

೨. ಬಣ್ಣ

ಭಾಲ್ಕಿಯ ಅಂಗಡಿಯಲ್ಲಿ ಮಷೀನಿನ ತಕ್ಕಡಿ. ಅರ್ಧ ಕ್ಯಾರೆಟ್ ಅಂತ ಬಂತು. ಒಂದು ಗ್ರಾಮಿಗೆ ಐದು ಕ್ಯಾರೆಟ್ ಎಂದು ಅಂಗಡಿಯವನು ತಿಳಿಸಿ ಹೇಳಿದ. ಆಮೇಲೆ ಬಿಳಿ ಹಾಳೆಯ ಮೇಲೆ ನಮೂನೆಯ ಕಲ್ಲುಗಳನ್ನಿಟ್ಟು ಹೋಲಿಸಿದ.

"ಬಣ್ಣ ‘ಕೆ’ ಅದರಿ. ಅಚ್ಚ ಬಿಳಿ ಇದ್ದರ ‘ಡಿ’, ಆ ಅಕ್ಷರದಿಂದ ಲೆಕ್ಕ ಶುರು ಆಗ್ತದ."

"ನಮ್ಮ ಸಾಲ್ಯಾಗ ಎ ಇಂದ ಕಲಿಸ್ಯಾರಪ್ಪಾ. ಮೊದಲಿನ ಮೂರು ಎಲ್ಲಿ ಹೋದವು?"

ನನ್ನ ಹೆಂಡತಿ ಕೇಳಿದಳು, "ಅದೆಲ್ಲಾ ಬಿಡಪ್ಪಾ. ಪಾಸೋ, ಫೇಲೋ?"

"ಫೇಲ್ ಏನಿಲ್ಲ ತಾಯಿ. ಸ್ವಲ್ಪ ಹಳದಿ ಅದ."

"ಮೂವತ್ತು ವರ್ಷ ದಿನಾ ಮಾರಿಗಿ ಅರಿಶಿಣ ಹಚ್ಚೀನಿ. ಹಳದಿ ಆಗಲಾರದ ಇರ್ತದೇನು?"

೩. ಕಲೆ

ಬೀದರಿನಲ್ಲಿ ಹರಳು ಮಾರುವ ಜೋಹರಿ ವಯಸ್ಸಾದವರು. ಸಣ್ಣ ಭೂತಗನ್ನಡಿಯಲ್ಲಿ ನೋಡಿ ನನಗೂ ತೋರಿಸಿದರು. ಹರಳಿನೊಳಗೆ ಮೂರು ಗೆರೆ. ನೋಡಿದರೆ ಕಾಗೆಯ ಕಾಲೇ. ಅಂಥ ವಜ್ರ ಮನೆಗೆ ಕೇಡು ಎಂದು ಹಿರಿಯರು ಹೇಳಿದ್ದು ನೆನಪಾಯಿತು.

"ಹುಟ್ಟಾ ಬಂದ ಸೀಳು ಸಾಹೇಬ್. ಏನೂ ಇಲ್ಲದ ಕಲ್ಲು ಬಂದ್ರೇ ಖೋಟಾ ಅಂತ ನನಗ ಶಕ್ ಬರ್ತದ" ಅಂದರು.

ನನಗೆ ಸಮಾಧಾನವಾಗಲಿಲ್ಲ. ಭೂತಗನ್ನಡಿ ಕೇಳಿ ತಂದು ನೌಬಾದದ ನಮ್ಮ ಮಠದ ಅಯ್ಯನವರಿಗೆ ತೋರಿಸಿದೆ.

"ಕಾಗಿಕಾಲೇ ಅದ" ಎಂದು ಅವರು ಕಣ್ಣು ಮುಚ್ಚಿದರು. ಹೆಂಡತಿ ತಟ್ಟೆಯಲ್ಲಿ ಹಣ್ಣು, ದಕ್ಷಿಣೆ ಇಟ್ಟಳು. ಕಣ್ಣು ತೆರೆದು ಹರಳನ್ನು ಉಲ್ಟಾ ಹಿಡಿದರು.

"ಹಿಂಗ ಹಿಡಿದ್ರ ಬಿಲ್ವಪತ್ರಿ ಅದಲ್ಲ. ಬೀಗರ ಮುಂದ ಹಿಂಗೇ ಹಿಡೀರಿ."

೪. ಅಸಲಿತನ

ಉಂಗುರ ಮಾಡಿಸಿ, ಮಗಳನ್ನೂ ಕರಕೊಂಡು ಔರಾದಕ್ಕೆ ಹೋದೆವು. ಸೋದರತ್ತೆಯವರು ಹುಡುಗನ ಪಕ್ಕದಲ್ಲೇ ತಮ್ಮ ಸರಾಫನನ್ನು ಕರೆಸಿ ಕೂಡಿಸಿದ್ದರು. ಅವನ ಕೈಯಲ್ಲಿ ಪೆನ್ನಿನಂಥದೊಂದು ಯಂತ್ರ.

"ವಜ್ರ ಅಸಲಿ ಇದ್ದರ ಇದು ಕೂಗ್ತದ. ಖೋಟಾ ಇದ್ದರ ಸುಮ್ನಿರ್ತದ."

ನಾನು ಪಂಚಾಕ್ಷರಿ ಜಪಿಸತೊಡಗಿದೆ. ಪೆನ್ನು ಮುಟ್ಟಿಸಿದ. ಕುಂಯ್ ಎಂದಿತು. ನಾನು ಜಪ ನಿಲ್ಲಿಸಿದೆ.

ಅತ್ತೆಯವರಿಗೆ ಅಷ್ಟಕ್ಕೇ ಬಿಡಲು ಮನಸ್ಸಿಲ್ಲ. "ನಂದೂ ಹಚ್ಚಿ ನೋಡಪ್ಪಾ. ಹ್ಯಾಂಗ ಕೂಗ್ತದ ಅಂತ ಇವರೂ ಕೇಳ್ಲಿ" ಎಂದು ಬೆರಳು ಚಾಚಿದರು.

ಸದ್ದಿಲ್ಲ. ಸೆರಗಿನಿಂದ ಒರೆಸಿ ಕೊಟ್ಟರು. ಸದ್ದಿಲ್ಲ. ಸರಾಫ ಸೆಲ್ಲು ಬದಲಿಸಿದ. ಆಗಲೂ ಇಲ್ಲ. ಎಲ್ಲರೂ ಫ್ಯಾನ್ ನೋಡುತ್ತ ಕೂತೆವು.

ಅತ್ತೆಯವರು ನಿಧಾನ ಕೈ ಹಿಂದೆ ತಗೊಂಡರು. "ನಮ್ಮದು ಘನಸ್ತ ಮನಿತನದ ವಜ್ರರಿ. ಮಂದಿ ಮುಂದ ಬಾಯಿ ಮಾಡೋದಿಲ್ಲ. ನಿಮ್ಮದು ಭಾಳ ಮಾತಾಡ್ತದ" ಅಂದವರೇ ನನ್ನ ಮಗಳ ಕಡೆ ತಿರುಗಿದರು. "ನೀನೂ ಹಂಗೇ ಏನವ್ವಾ?"

ಕೂಡಿದ ಸಂಬಂಧ ಮುರಿಯಿತು ಎಂದುಕೊಂಡು ಮತ್ತೆ ಜಪ ಹಿಡಿದೆ. ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಮಗಳು ಮೆಲ್ಲಗೆ ಅಂದಳು:

"ಇಲ್ಲರಿ ಅತ್ತಿ, ಸುಮ್ನಿರ್ತೇನಿ. ಯಾರರೆ ಪರೀಕ್ಷಾ ಮಾಡಿದ್ರ ಮಾತ್ರ ಕೂಗ್ತೇನಿ."

ಮೊದಲು ನಕ್ಕವನು ಹುಡುಗ. ಮದುವೆಯಾಗಿ ವರ್ಷವಾಯಿತು. ಅತ್ತೆಯವರು ಇನ್ನೂ ಒಮ್ಮೆಯೂ ಪರೀಕ್ಷೆ ಮಾಡಿಲ್ಲ.