ಶ್ಯಾಮಲತ್ತೆಯೂ ಮಸ್ಕತ್ತಿನ ಮಿಷನ್ನೂ

"ಹೊಳೆಯೋದು ಗಟ್ಟೀನೋ, ಕರ್ರಗಿರೋದು ಗಟ್ಟೀನೋ?"

ಸತ್ಯಮೂರ್ತಿ ಕೇಳಿದ್ದು ಯಾರನ್ನೂ ಅಲ್ಲ. ಶಿಡ್ಲಘಟ್ಟದ ತನ್ನ ಮನೆಯ ನಡುಮನೆಯಲ್ಲಿ ಬೆಳ್ಳಂಬೆಳಿಗ್ಗೆ ಅವನೊಬ್ಬನೇ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದ. ತೊಡೆಯ ಮೇಲೆ ಮಸ್ಕತ್ತಿನಿಂದ ಬಂದ, ಸ್ಕ್ರೂ ತಿರುಗಿಸುವ ಮಿಷನ್ನು. ವೈರಿಲ್ಲ, ಬ್ಯಾಟರಿಯದು. ತೂಕ ಒಂದು ಎಳೆಗುಂಬಳದಷ್ಟು, ಸದ್ದು ಒಂದು ಮದುವೆಮನೆಯಷ್ಟು. ಅವನ ಭಾವಮೈದ ಅಲ್ಲಿ ಬಾಗಿಲು ಕಿಟಕಿ ಕೂರಿಸುವ ಕಂಪನಿಯಲ್ಲಿ ಸೂಪರ್‌ವೈಸರು. ರಜೆಗೆ ಬಂದವನು ಭಾವನಿಗೆ ಸೆಂಟು ಕೊಡುವ ಬದಲು ಇದನ್ನು ಕೊಟ್ಟು ಹೋಗಿದ್ದ.

ಮಿಷನ್ನಿನ ಮೂತಿಗೆ ಸಿಕ್ಕಿಸುವ ಬೆರಳುದ್ದದ ಕಡ್ಡಿಗಳಿಗೆ ಬಿಟ್ಟು ಎಂದು ಹೆಸರು. ಭಾವಮೈದ ಕೊಟ್ಟವು ಮೂರೇ ಮೂರು. ಮೂರೂ ಕರ್ರಗೆ, ನಡು ಸಣ್ಣಗೆ, ಒಲೆಯಲ್ಲಿ ಬಿದ್ದು ಎದ್ದುಬಂದ ಹಾಗೆ. ಇನ್ನೊಂದು ಪಕ್ಕದಲ್ಲಿ, ಪಕ್ಕದ ಮನೆಯ ಗಣೇಶ್ ಪ್ರಸಾದ್ ಆಗತಾನೆ ಇಟ್ಟುಹೋದ ಡಬ್ಬಿ. ಮೂವತ್ತೆರಡು ಬಿಟ್ಟು, ಒಂದೊಂದೂ ಬೆಳ್ಳಿಯ ಉದ್ಧರಣೆಯ ಹಾಗೆ ಫಳಫಳ.

ಡಬ್ಬಿ ಇಟ್ಟುಹೋದವನು ತಡೆಯಲಾರದೆ ವಾಪಸು ಬಂದ. "ಇನ್ನೂ ಯೋಚ್ನೆನಾ ಸಾರ್? ಈ ಕರೀವು ನೋಡಿ, ನಡೂನೇ ಇಲ್ಲ, ಉಪವಾಸ ಬಿದ್ದಂಗಿವೆ. ನಂದು ತಗೊಳ್ಳಿ. ಫುಲ್ ಸೆಟ್ಟು."

"ಇವತ್ತು ಆಯುಧಪೂಜೆ ಕಣಪ್ಪ. ನಿಮ್ಮನೇಲಿ ಪೂಜೆಗಿಡಲಿಲ್ವಾ ಇದನ್ನ?"

"ಸೀಲೇ ಒಡೆದಿರಲಿಲ್ಲ ಸಾರ್. ಸೀಲ್ ಒಡೆಯೋವರೆಗೂ ಅದು ಸರಕು. ಒಡೆದ್ಮೇಲೆ ಆಯುಧ."

ಮಾತು ಶಾಸ್ತ್ರಬದ್ಧವಾಗಿಯೇ ಇತ್ತು. ಸತ್ಯಮೂರ್ತಿ ಕರೀ ಬಿಟ್ಟುಗಳನ್ನು ಕಿಟಕಿಯ ಮೇಲೆ ಸರಿಸಿ, ಹೊಳೆಯುವುದೊಂದನ್ನು ಮಿಷನ್ನಿಗೆ ಸಿಕ್ಕಿಸಿದ.

ಅವನಿಗೆ ಅವಸರವಿತ್ತು. ವಿದುರಾಶ್ವತ್ಥದ ಸೋದರತ್ತೆ ಶ್ಯಾಮಲಮ್ಮ ಎಂಟು ದಿನಗಳಿಂದ ಬೀದಿಯ ಭಜನೆ ಮಂದಿರದಲ್ಲಿ ಕಾವ್ಯ ಓದುತ್ತಿದ್ದರು. ಎಪ್ಪತ್ತೆರಡರ ಮುದುಕಿ ಬಾಯಿ ತೆರೆದರೆ ಸಾದಲಿ, ಕೆಂಚಾರ್ಲಹಳ್ಳಿಯವರೂ ಬಸ್ಸು ಹತ್ತಿ ಬರುತ್ತಿದ್ದರು. ಇವತ್ತು ಸಂಜೆ ಆರಕ್ಕೆ ಮುಕ್ತಾಯ. ಮಂದಿರದ ಕಾರ್ಯದರ್ಶಿ ಸ್ವತಃ ಸತ್ಯಮೂರ್ತಿ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷ ಗುಮಾಸ್ತಗಿರಿ ಮಾಡಿದರೂ ಯಾರೂ ಅವನಿಗೆ ಎದ್ದು ಕುರ್ಚಿ ಕೊಟ್ಟಿರಲಿಲ್ಲ. ಈ ಎಂಟು ದಿನ ಕೊಟ್ಟಿದ್ದರು.

ಆ ಅತ್ತೆ ಬೆಳಿಗ್ಗೆ ಎದ್ದ ಕೂಡಲೇ ಒಂದು ಮಾತು ಹೇಳಿದ್ದರು: "ದೇವರ ಮನೆ ಕದ ಗಾಳಿಗೆ ಹಾರ್ಕೊಳ್ಳುತ್ತೆ ಕಣೋ ಸತ್ಯ. ದೀಪ ಆರಿಹೋಗುತ್ತೆ. ಒಂದು ದಾರ ಕಟ್ಟು, ಸಾಕು."

ಮಸ್ಕತ್ತಿನ ಮಿಷನ್ನಿರುವವನು ದಾರ ಕಟ್ಟುತ್ತಾನೆಯೇ? ಹೊಸ ಚಿಲಕವನ್ನೇ ಹಾಕುತ್ತೇನೆಂದು ಹೊರಟಿದ್ದ.

ಆದರೆ ಪೂಜೆ ಮುಗಿಯುವವರೆಗೂ ಅತ್ತೆ ಕದದ ಹತ್ತಿರ ಬಿಟ್ಟುಕೊಳ್ಳಲಿಲ್ಲ. ತಟ್ಟೆ ಹಿಡಿದು ಮನೆಯೆಲ್ಲ ಸುತ್ತಿ ಕಬ್ಬಿಣವೆಂದು ಕಂಡದ್ದನ್ನೆಲ್ಲ ಆರಿಸಿದರು. ಕತ್ತರಿ, ಅಡಕೊತ್ತು, ಈಳಿಗೆಮಣೆ, ಮನೆಗಿದ್ದ ಒಂದೇ ಒಂದು ಸ್ಕ್ರೂಡ್ರೈವರು, ಕೊನೆಗೆ ಸತ್ಯಮೂರ್ತಿಯ ಮೊಬೈಲು. ಎಲ್ಲಕ್ಕೂ ವಿಭೂತಿ, ಕುಂಕುಮ, ಮೇಲೆ ಸೇವಂತಿಗೆಯ ರಾಶಿ. ಮಿಷನ್ನನ್ನು ಅವನು ಡಬ್ಬಿಯ ಸಮೇತ ಮಂಚದ ಕೆಳಗೆ ಚಾರ್ಜಿಗೆ ಹಾಕಿದ್ದರಿಂದ ಅವೆರಡು ತಪ್ಪಿಸಿಕೊಂಡವು.

ಮಧ್ಯಾಹ್ನ ಮೂರಕ್ಕೆ ಅತ್ತೆ ಸಂಜೆಯ ಭಾಗವನ್ನು ಮನಸ್ಸಿನಲ್ಲೇ ಓದಿಕೊಳ್ಳಲು ದೇವರ ಮನೆಗೆ ಹೋಗಿ ಕೂತರು. ಸತ್ಯಮೂರ್ತಿ ಎರಡೂ ಕದ ಮುಚ್ಚಿ, ಚಿಲಕ ಇಟ್ಟು, ಸ್ಕ್ರೂ ಹಿಡಿದು, ಮಿಷನ್ನಿನ ಕುದುರೆ ಒತ್ತಿದ.

ಟರ್‍ರ್ ಎಂದು ಶುರುವಾದದ್ದು ಟಕಟಕಟಕ ಎಂದು ಹೊಡೆಯತೊಡಗಿತು. ರೇಷ್ಮೆಹುಳು ಸೊಪ್ಪು ನುಂಗಿದ ಹಾಗೆ ಮರ ಸ್ಕ್ರೂವನ್ನು ನುಂಗಿತು. ಸತ್ಯಮೂರ್ತಿಗೆ ರೋಮಾಂಚನವಾಯಿತು. ಆ ರೋಮಾಂಚನದಲ್ಲಿ ಎರಡು ಸಂಗತಿ ಅವನ ಗಮನಕ್ಕೆ ಬರಲಿಲ್ಲ. ಒಂದು, ಸ್ಕ್ರೂ ಎರಡಂಗುಲದ್ದು. ಎರಡು, ಒಂದು ಕದದ ಅಂಚು ಇನ್ನೊಂದರ ಮೇಲೆ ಕೂರುವ ಜಾಗದಲ್ಲೇ ಅವನು ಹೊಡೆದದ್ದು. ಸ್ಕ್ರೂ ಮೇಲಿನ ಕದ ದಾಟಿ ಕೆಳಗಿನದರೊಳಗೆ ಹೋಗಿ, ಎರಡನ್ನೂ ಸೇರಿಸಿ ಹೊಲಿದುಬಿಟ್ಟಿತ್ತು.

"ಸತ್ಯ, ಕದ ತೆಗಿಯೋ. ಸೆಕೆ," ಎಂದರು ಅತ್ತೆ.

ಅವನು ಎಳೆದ. ಕದದ ಮೇಲರ್ಧದ ಪುಟ್ಟ ಪುಟ್ಟ ಚೌಕಗಳಲ್ಲಿ ತೂಗುವ ಗಂಟೆಗಳೆಲ್ಲ ಗಣಗಣ ಎಂದವು. ಕದ ಕದಲಲಿಲ್ಲ.

"ಒಂದ್ನಿಮಿಷ ಅತ್ತೆ!"

ಮಿಷನ್ನನ್ನು ಹಿಂದಕ್ಕೆ ತಿರುಗುವ ಹಾಗೆ ಮಾಡಿ ಒತ್ತಿದ. ಟಕ, ಟಕ, ಟಣ್! ಬಿಟ್ಟು ಕತ್ತಿನ ಹತ್ತಿರ ಮುರಿದು ಬಿತ್ತು. ಇನ್ನೊಂದು ಸಿಕ್ಕಿಸಿದ, ಅದರ ತುದಿ ಬೆಣ್ಣೆಯ ಹಾಗೆ ಉರುಟಾಯಿತು. ಮೂರನೆಯದು ಹಾರಿ ಕ್ಯಾಲೆಂಡರಿನ ಲಕ್ಷ್ಮಿಯ ಪಾದ ಮುಟ್ಟಿ ಕೆಳಗೆ ಬಿತ್ತು. ನಾಲ್ಕನೆಯದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮೂವತ್ತೆರಡರಲ್ಲಿ ಆ ಸ್ಕ್ರೂವಿಗೆ ಕೂರುತ್ತಿದ್ದವು ಆ ನಾಲ್ಕೇ. ಉಳಿದವು ನಕ್ಷತ್ರ, ಚೌಕ, ಗಡಿಯಾರದ ಹೊಟ್ಟೆ ಬಿಚ್ಚುವಂಥವು. ಹೊಳೆಯುವವೇ ಮುರಿದ ಮೇಲೆ ಆ ನಡುವಿಲ್ಲದ ಕರೀವನ್ನು ನೆನೆಯುವವರಾರು?

ಸದ್ದು ಕೇಳಿ ಹೆಂಡತಿ ಅಲಮೇಲು ಓಡಿಬಂದಳು. ಹಿಂದೆಯೇ ಗಣೇಶ್ ಪ್ರಸಾದ್. ಅವನ ಹಿಂದೆ ಎದುರುಮನೆಯ ಮುನಿಶಾಮಮ್ಮ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾಗಿದ್ದ ಅವರು ಬಂದವರೇ ಚೌಕದೊಳಗೆ ಇಣುಕಿದರು.

"ಶ್ಯಾಮಲಮ್ಮ, ಉಸಿರಾಡ್ತಾ ಇದೀರಾ?"

"ಇಲ್ದಿದ್ರೆ ಮಾತಾಡ್ತೀನೇನಮ್ಮ?"

"ಸಕ್ಕರೆ ಕಾಯಿಲೆ ಇದೆಯಾ?"

"ಇಲ್ಲ. ಹಸಿವಿದೆ."

ಮುನಿಶಾಮಮ್ಮ ಮನೆಗೆ ಹೋಗಿ ಒಂದು ಗೊಂಚಲು ದ್ರಾಕ್ಷಿ ತಂದು, ಬಿಡಿಸಿ, ಒಂದೊಂದಾಗಿ ಚೌಕದಲ್ಲಿ ತೂರಿಸಿದರು. ಅತ್ತೆ ಆ ಕಡೆಯಿಂದ ಒಂದೊಂದಾಗಿ ತೆಗೆದುಕೊಂಡರು. ಪ್ರತಿ ದ್ರಾಕ್ಷಿಗೂ ಒಂದು ಗಂಟೆ ಕಿಣಿ ಎನ್ನುತ್ತಿತ್ತು.

"ಕದ ಒಡೆದುಬಿಡಣ ಸಾರ್," ಎಂದ ಗಣೇಶ್ ಪ್ರಸಾದ್.

"ನವಮಿ ದಿನ ದೇವರ ಮನೆ ಕದ ಒಡೀತೀಯೇನಪ್ಪ? ನಿಮ್ಮನೇದು ಒಡ್ಕೊ ಹೋಗು," ಎಂದಳು ಅಲಮೇಲು.

ಕೈಯ ಸ್ಕ್ರೂಡ್ರೈವರಿನಿಂದ ತೆಗೆಯೋಣವೆಂದರೆ ಮನೆಯದು ಒಳಗೆ, ಸೇವಂತಿಗೆಯ ಕೆಳಗೆ. ಗಣೇಶ್ ಪ್ರಸಾದನದು ಅವರ ಮನೆಯ ದೇವರ ಮುಂದೆ. ಮುನಿಶಾಮಮ್ಮನ ಮಗನದು ಅವನ ಬೈಕಿನ ಸೀಟಿನ ಕೆಳಗೆ, ಆ ಬೈಕಿಗೆ ಬಾಳೆಕಂಬ ಕಟ್ಟಾಗಿದೆ. ಇಡೀ ಬೀದಿಯ ಕಬ್ಬಿಣವೆಲ್ಲ ಕುಂಕುಮ ಹಚ್ಚಿಕೊಂಡು ಕೂತಿತ್ತು. ಅಲಮೇಲು ದೋಸೆ ಮಗುಚುವ ಕೈ ತಂದುಕೊಟ್ಟಳು. ಸತ್ಯಮೂರ್ತಿ ಅದರ ತುದಿಯನ್ನು ಸ್ಕ್ರೂವಿಗೆ ಕೊಟ್ಟು ತಿರುಗಿಸಿದ. ತಿರುಗಿದ್ದು ಮಗುಚುವ ಕೈ.

ಒಳಗೆ ಮೊಬೈಲು ಬಡಿದುಕೊಂಡಿತು. ಮಂದಿರದವರೇ ಇರಬೇಕು.

"ಅತ್ತೆ, ಸ್ವಲ್ಪ ಎತ್ತಿ, ಬರ್ತಾರೆ ಅನ್ನಿ!"

ಅತ್ತೆ ಮೊಬೈಲು ಹಾಡುವಷ್ಟು ಹೊತ್ತೂ ಅದರ ಮೇಲೊಂದು ಶ್ರುತಿಯಲ್ಲಿ ಪದ್ಯ ಹೇಳಿಕೊಂಡು, ಅದು ನಿಂತ ಮೇಲೆ ತಾವೂ ನಿಲ್ಲಿಸಿದರು.

ಮುನಿಶಾಮಮ್ಮನ ದೃಷ್ಟಿ ಮಿಷನ್ನಿನ ಮೇಲೆ ಬಿತ್ತು. "ಇದಕ್ಕೆ ಕುಂಕುಮ ಎಲ್ಲಿ, ಸತ್ಯಮೂರ್ತಪ್ಪ?"

"ಚಾರ್ಜಲ್ಲಿತ್ತು..."

"ಅದಕ್ಕೇ ಮುನಿಸ್ಕೊಂಡಿದೆ! ಎಲ್ರಿಗೂ ಪೂಜೆ, ತನಗೆ ಮಾತ್ರ ಇಲ್ಲ ಅಂದ್ರೆ ಯಾರಿಗೆ ಕೋಪ ಬರಲ್ಲ? ಅಲಮೇಲಮ್ಮ, ಬಟ್ಟಲು ತಗೊಂಬಾ!"

ಕುಂಕುಮ ಬಿದ್ದರೆ ಮಿಷನ್ನೂ ನಾಳೆಯವರೆಗೆ ದೇವರಾಗಿಬಿಡುತ್ತದೆ. ಸತ್ಯಮೂರ್ತಿ ಅದನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಬೀದಿಗೆ ಓಡಿದ. ಹಿಂದೆ ಬಟ್ಟಲು ಹಿಡಿದು ಮುನಿಶಾಮಮ್ಮ ಮೂರು ಮನೆಯಷ್ಟು ದೂರ ಓಡಿಬಂದು, ಮಂಡಿ ಹಿಡಿದುಕೊಂಡು ನಿಂತರು.

ರೀಲಿಂಗ್ ಶೆಡ್ಡಿನ ಬಾಷಾ ಸಾಹೇಬರಲ್ಲಿ ಸಿಕ್ಕೀತೆಂದು ಅಲ್ಲಿಗೆ ಹೋದ. ಸಾಹೇಬರು ಬಾಗಿಲಲ್ಲೇ ಕೈಚೆಲ್ಲಿದರು. "ನಮ್ಮ ಕೆಲಸದೋರು ಬೆಳಿಗ್ಗೆನೇ ಪೂಜೆ ಮಾಡ್ಬಿಟ್ರು ಸ್ವಾಮಿ. ನನ್ನ ಶೆಡ್ಡು, ನನ್ನ ಸಾಮಾನು, ನನಗೇ ಮುಟ್ಟೋಕೆ ಬಿಡ್ತಿಲ್ಲ. ಮಂಡಕ್ಕಿ ತಿನ್ನಿ."

ಕೊನೆಗೆ ಬಡಗಿ ರಾಮಾಂಜಿನಪ್ಪನ ಮನೆ. ಅವನ ಉಳಿ, ಕೊಡತಿ, ಗರಗಸಗಳೆಲ್ಲ ಕಂಬಳಿಯ ಮೇಲೆ ಸಾಲಾಗಿ ಮಲಗಿದ್ದವು. ಅವನು ಮಿಷನ್ನನ್ನು ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು ಸುತ್ತಲೂ ನೋಡಿದ. ಸತ್ಯಮೂರ್ತಿ ಜೇಬಿನಿಂದ ಮುರಿದ ಬಿಟ್ಟುಗಳನ್ನು ತೆಗೆದು ತೋರಿಸಿದ.

"ಏಂದಿ ಸಾಮಿ ಇದಿ! ಇವು ಕೈಯಲ್ಲಿ ತಿರುಗಿಸೋಕೆ ಮಾಡಿರೋವು. ನಿಮ್ಮ ಮಿಷನ್ನು ಬರೀ ತಿರುಗಲ್ಲ, ತಿರುಗ್ತಾ ತಿರುಗ್ತಾ ಒಳಗಿಂದ ಸುತ್ತಿಗೇಲಿ ಹೊಡೀತದೆ. ಇವು ಒಳ್ಳೆ ಗಾಜಿದ್ದಂಗೆ, ಒಂದೇಟಿಗೆ ಟಣ್. ಹೊಡೆತದ ಮಿಷನ್ನಿಗೆ ಅಂತಲೇ ಬೇರೆ ಬಿಟ್ಟು ಬರ್ತದೆ. ನಡು ಸಣ್ಣಗಿರ್ತದೆ. ಏಟು ಬಿದ್ದಾಗ ಆ ನಡು ಚೂರು ತಿರುಚಿಕೊಂಡು ತಡ್ಕೊಳ್ತದೆ, ಮುರಿಯಲ್ಲ. ನೋಡೋಕೆ ಮಾತ್ರ ಚೆಂದ ಇರಲ್ಲ."

ಸತ್ಯಮೂರ್ತಿ ಒಂದು ಹೆಜ್ಜೆ ಮುಂದೆ ಬಂದ. "ಕರ್ರಗಿರುತ್ತಾ?"

"ಕರ್ರಗೇ. ಒಳ್ಳೆ ಒಲೇಲಿ ಬಿದ್ದಿದ್ದಂಗೆ. ಸ್ಕ್ರೂ ತಲೆ ಕೆಟ್ಟಿಲ್ಲ ತಾನೆ?"

"ಇಲ್ಲ."

"ಹಂಗಾದ್ರೆ ಅಂಥದ್ದೊಂದು ಸಿಕ್ರೆ ಸಾಕು, ಅರೆ ನಿಮಿಷದ ಕೆಲಸ. ಬಿಟ್ಟು ಸರಿಯಾಗಿ ಕೂತಿರಬೇಕು, ಮಿಷನ್ನು ನೆಟ್ಟಗಿರಬೇಕು, ಅಷ್ಟೆ. ಆದ್ರೆ ನಮ್ಮೂರಲ್ಲಿ ಎಲ್ಲಿ ಸಿಗ್ತದೆ? ತರಿಸ್ಬೇಕು."

"ಇದೆ ರಾಮಾಂಜಿನಪ್ಪ! ಮೂರಿದೆ! ನಮ್ಮನೆ ಕಿಟಕೀಲೇ ಇದೆ!"

ಯತಿ ತಪ್ಪಿದ್ದ ಪದ್ಯ ಇದ್ದಕ್ಕಿದ್ದಂತೆ ಸರಿಯಾಗಿ ಕೂತ ಹಾಗಾಯಿತು ಅವನಿಗೆ. ಬಂದದ್ದಕ್ಕಿಂತ ಜೋರಾಗಿ ಓಡಿದ. ರಾಮಾಂಜಿನಪ್ಪನೂ ಕುತೂಹಲಕ್ಕೆ ಬರಿಗೈಯಲ್ಲಿ ಹಿಂದೆ ಬಂದ.

ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಐದೂಮುಕ್ಕಾಲಾಗಿತ್ತು. ವಿಷಯ ತಿಳಿದು ಮಂದಿರದವರೆಲ್ಲ ಇಲ್ಲಿಗೇ ಬಂದಿದ್ದರು. ಸಾದಲಿಯವರು ಮಂಚದ ಮೇಲೆ, ಕೆಂಚಾರ್ಲಹಳ್ಳಿಯವರು ಚಾಪೆಯ ಮೇಲೆ, ಉಳಿದವರು ಗೋಡೆಗೆ. ಮಂದಿರದ ಅಧ್ಯಕ್ಷರಾದ ಹಿರಿಯ ವೆಂಕಟರವಣಪ್ಪನವರು ಕೋಲೂರಿಕೊಂಡು ಕದದ ಮುಂದೆಯೇ ಕುರ್ಚಿ ಹಾಕಿಸಿಕೊಂಡಿದ್ದರು.

"ಏನ್ರೀ ಕಾರ್ಯದರ್ಶಿಗಳೆ, ಕಳಶ ಅಲ್ಲಿ ಮಂದಿರದಲ್ಲಿ, ಓದೋರು ಇಲ್ಲಿ. ಮುಕ್ತಾಯ ಹೆಂಗೆ? ಒಂಬತ್ತನೇ ದಿನ ತಪ್ಪಿದ್ರೆ ಎಂಟು ದಿನ ಓದಿದ್ದೂ ನೀರಲ್ಲಿ ಹೋದಂಗೆ. ನನ್ನ ಕಾಲದಲ್ಲಿ ಒಂದು ಸಲಾನೂ ತಪ್ಪಿಲ್ಲ."

"ಆಯ್ತು ಸ್ವಾಮಿ! ಅರೆ ನಿಮಿಷ!"

ಅರವತ್ತು ಜೋಡಿ ಕಣ್ಣು ನೋಡುತ್ತಿರಲು ಸತ್ಯಮೂರ್ತಿ ಗೆದ್ದವನ ಗತ್ತಿನಲ್ಲಿ ಕಿಟಕಿಗೆ ನಡೆದು ಕೈಚಾಚಿದ. ಕಿಟಕಿಯ ಮೇಲೆ ಒಂದು ಸೇವಂತಿಗೆಯ ದಳವಿತ್ತು. ಮತ್ತೇನೂ ಇರಲಿಲ್ಲ.

"ಅಲಮೇಲು! ಇಲ್ಲಿದ್ದ ಮೂರು ಕರೀ ಕಡ್ಡಿ?"

"ನಾನೇನು ಕಂಡೆ? ಗಣೇಶ ನೋಡಿದ್ಯಾ?"

"ನಾನು ಮುಟ್ಟೇ ಇಲ್ಲ ಆಂಟಿ. ನಡೂನೇ ಇಲ್ಲ ಅವಕ್ಕೆ."

"ನನ್ನ ತಮ್ಮ ಅಷ್ಟು ದೂರದಿಂದ ತಂದ್ಕೊಟ್ಟಿದ್ದನ್ನ ಕಿಟಕೀಲಿ ಬಿಸಾಕಿದ್ರಾ?" ಅಲಮೇಲು ಜಗಳಕ್ಕೆ ಸಿದ್ಧಳಾದಳು.

ಜನ ಮಂಚದ ಕೆಳಗೆ, ಚಾಪೆಯ ಕೆಳಗೆ, ಪರಸ್ಪರರ ಕೆಳಗೆ ಹುಡುಕಿದರು. ಆಗ ಕದದ ಒಳಗಿನಿಂದ ಶಾಂತವಾದ ದನಿ ಬಂತು.

"ಏನೋ ಸತ್ಯ ಹುಡುಕ್ತಾ ಇರೋದು? ಕಿಟಕಿ ಮೇಲಿದ್ದ ಮೂರು ಕಬ್ಬಿಣದ ಕಡ್ಡೀನಾ? ಇಲ್ಲೇ ಇದಾವಲ್ಲ. ಬೆಳಿಗ್ಗೆ ನಾನೇ ಎತ್ತಿಟ್ಟೆ."

ಸತ್ಯಮೂರ್ತಿ ಚೌಕಕ್ಕೆ ಕಣ್ಣಿಟ್ಟ. ಒಳಗೆ ದೀಪದ ಬೆಳಕಿನಲ್ಲಿ, ಅಡಕೊತ್ತಿಗೂ ಅವನ ಮೊಬೈಲಿಗೂ ನಡುವೆ, ಮೂರೂ ಬಿಟ್ಟುಗಳು ಹಣೆಗೆ ಕುಂಕುಮ ಇಟ್ಟುಕೊಂಡು, ಒಂದೊಂದು ಸೇವಂತಿಗೆ ಮುಡಿದು ಮದುವಣಗಿತ್ತಿಯರ ಹಾಗೆ ಕೂತಿದ್ದವು.

ಅವನ ಕಣ್ಣಲ್ಲಿ ನೀರಾಡಿತು. ದ್ರಾಕ್ಷಿ ಹೋದ ಚೌಕದಲ್ಲಿ ಬೆರಳು ತೂರಿಸಿದ.

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಅದರಲ್ಲಿ ಒಂದು, ಒಂದೇ ಒಂದು, ಈ ತೂತಲ್ಲಿ ಕೊಡಿ. ಅರೆ ನಿಮಿಷಕ್ಕೆ ಕದ ತೆಗೀತೀನಿ. ಮತ್ತೆ ಅಲ್ಲೇ ಇಟ್ಬಿಡ್ತೀನಿ."

ಒಳಗೆ ಬಳೆ ಸದ್ದಾಯಿತು. ಜನ ಉಸಿರು ಹಿಡಿದರು. ರಾಮಾಂಜಿನಪ್ಪ ಮಾತ್ರ ಆಗಲೇ ತಲೆಯಾಡಿಸುತ್ತಿದ್ದ.

"ಮಂಗಳಾರತಿ ಆಗಿದೆ ಕಣೋ ಇವಕ್ಕೆ," ಎಂದರು ಅತ್ತೆ.

"ಗೊತ್ತು ಅತ್ತೆ, ಆದ್ರೆ ನಿಮ್ಮ ಮುಕ್ತಾಯ... ಇಷ್ಟು ಜನ... ವೆಂಕಟರವಣಪ್ಪನೋರೆ, ನೀವಾದ್ರೂ ಒಂದ್ಮಾತು ಹೇಳಿ!"

ವೆಂಕಟರವಣಪ್ಪನವರು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ, ಮೇಲಿನ ತೊಲೆ ನೋಡತೊಡಗಿದರು.

"ದಾರ ಕಟ್ಟು ಅಂದಿದ್ದೆ," ಎಂದರು ಅತ್ತೆ. "ಪೂಜೆಗೆ ಕೂತ ಆಯುಧಾನ ನಾಳೆ ಬೆಳಿಗ್ಗೆ ಆರತಿ ಎತ್ತಿ ಕದಲಿಸೋವರೆಗೂ ಬ್ರಹ್ಮ ಬಂದು ಕೇಳಿದ್ರೂ ಕೊಡಲ್ಲ. ಬೆರಳು ತೆಗಿ."